ಹುಳಿ ಮೊಸರಿಗೆ ಡ್ರಿಪ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಮುಪ್ಪನ್ನು ಹಿಂದಕ್ಕೆ ತಿರುಗಿಸುವ ಚಿಕಿತ್ಸೆ ನಿಜವೇ? ಹೋದ ವರ್ಷವೂ ಇದೇ ಬಂದಿತ್ತು. ಆಗ ಕ್ಯಾಪ್ಸೂಲ್ ಇತ್ತು, ಈಗ ಡ್ರಿಪ್, ಅಷ್ಟೇ ವ್ಯತ್ಯಾಸ. ಡಿಎನ್‌ಎ ಎಂದರೇನು, ಜೀನ್ ಎಂದರೇನು ಎಂದು ಮೊದಲಿನಿಂದ ಹೇಳುತ್ತ ಕೂರುವುದಿಲ್ಲ. ಪಿಯುಸಿ ಪುಸ್ತಕದಲ್ಲಿದೆ.

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಇತ್ತೀಚೆಗೆ ಮರೆವು ಜಾಸ್ತಿ, ಸುಸ್ತು. ಒಂದು ಕ್ಲಿನಿಕ್‌ನವರು ಆರು ಸಲ ‘ಎಪಿಜೆನೆಟಿಕ್’ ಡ್ರಿಪ್ ಹಾಕಿಸಿದರೆ ಜೀವಕೋಶಗಳು 20 ವರ್ಷ ಹಿಂದಕ್ಕೆ ಹೋಗುತ್ತವೆ ಎನ್ನುತ್ತಾರೆ. ಇದಕ್ಕೆ ಜಪಾನಿನವರಿಗೆ ನೊಬೆಲ್ ಬಂದಿದೆಯಂತೆ. ಹಾಕಿಸಲೇ?

ಉತ್ತರ: ಬೇಡ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ.

ನೊಬೆಲ್ ಬಂದದ್ದು ನಿಜ, 2012ರಲ್ಲಿ. ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ಅವರಿಗೆ, ಜೊತೆಗೆ ಇಂಗ್ಲೆಂಡಿನ ಜಾನ್ ಗರ್ಡನ್ ಅವರಿಗೆ. ಯಮನಾಕ ಮತ್ತು ಅವರ ಸಹೋದ್ಯೋಗಿ ತಕಹಾಶಿ 24 ಜೀನ್‌ಗಳನ್ನು ಆರಿಸಿಕೊಂಡು, ಒಂದೊಂದನ್ನೇ ಕೈಬಿಟ್ಟು ನೋಡುತ್ತ, ಕೊನೆಗೆ ನಾಲ್ಕನ್ನು ಉಳಿಸಿಕೊಂಡರು: ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. 2006ರಲ್ಲಿ ಇಲಿಯ ಕೋಶ, ಮರುವರ್ಷ ಮನುಷ್ಯನ ಚರ್ಮಕೋಶ ಈ ನಾಲ್ಕರಿಂದ ಭ್ರೂಣದ ಕಾಂಡಕೋಶದಂತಾಯಿತು, ಅಂದರೆ ಮೈಯ ಯಾವ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಸ್ಟೆಮ್ ಸೆಲ್‌ನಂತೆ. ಡಿಎನ್‌ಎಯ ಬರಹ ಹಾಗೇ ಇರುತ್ತದೆ. ಅದರ ಮೇಲೆ ಅಂಟಿದ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು, ಅದನ್ನು ಸುತ್ತಿಟ್ಟ ಹಿಸ್ಟೋನ್ ಎಂಬ ಪ್ರೋಟೀನುಗಳ ಬಿಗಿ-ಸಡಿಲ ಬದಲಾಗುತ್ತವೆ. ‘ಎಪಿಜೆನೆಟಿಕ್’ ಎಂದರೆ ಇದೇ. ಮೊಸರು ಮತ್ತೆ ಹಾಲಾದ ಹಾಗೆ.

ಹಾಲಾಯಿತು ಅಂದೆ. ತಾಜಾ ಮೊಸರಾಯಿತು ಅನ್ನಲಿಲ್ಲ. ನಿಮಗೆ ಬೇಕಿರುವುದು ಮೊಸರು ಮೊಸರಾಗಿಯೇ ಇದ್ದು ಹುಳಿ ಮಾತ್ರ ಹೋಗುವುದು. ತೊಡಕು ಇರುವುದೇ ಇಲ್ಲಿ. ‘ನೀನು ಹೃದಯದ ಕೋಶ, ನೀನು ಚರ್ಮದ ಕೋಶ’ ಎಂದು ಹಿಡಿದಿಡುವುದು ಇಂಥ ಗುರುತುಗಳೇ. ವಯಸ್ಸಾದಂತೆ ಬದಲಾಗುವುದೂ ಇಂಥವೇ. ಒಂದನ್ನು ಅಳಿಸಲು ಹೊರಟರೆ ಇನ್ನೊಂದೂ ಅಲುಗುತ್ತದೆ.

ಲ್ಯಾಬಿನಲ್ಲಿ ಕೋಶ ಬೆಳೆಸುವ ಪ್ಲೇಟಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಚರ್ಮದ ಕೋಶ ನೂಲುವ ಕದಿರಿನ ಹಾಗೆ ಉದ್ದಕ್ಕೆ, ತುದಿಗಳು ಚೂಪಾಗಿ ಇರುತ್ತದೆ. ನಾಲ್ಕು ಜೀನ್ ಸೇರಿಸಿದ ಮೇಲೆ ಮೀಡಿಯಾ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವ, ಬದಲಿಸುತ್ತ ಕಾಯಬೇಕು. ಭಾನುವಾರ ಇಲ್ಲ, ಯುಗಾದಿ ಇಲ್ಲ. ಮೂರು-ನಾಲ್ಕು ವಾರಕ್ಕೆ ಅಲ್ಲೊಂದು ಇಲ್ಲೊಂದು ಚಪ್ಪಟೆ ಗುಂಪು ಕಾಣಿಸುತ್ತದೆ, ಅಂಚು ಕತ್ತರಿಸಿಟ್ಟಂತೆ. ಮೊದಲಿನ ವಿಧಾನದಲ್ಲಿ ಸಾವಿರ ಕೋಶಕ್ಕೆ ಒಂದೂ ಹೀಗೆ ತಿರುಗುತ್ತಿರಲಿಲ್ಲ. ತಿರುಗಿದ್ದು ಹೌದೋ ಅಲ್ಲವೋ ಎಂದು ಹೇಗೆ ಪರೀಕ್ಷಿಸುತ್ತಿದ್ದೆವು ಗೊತ್ತೆ? ರೋಗನಿರೋಧಕ ಶಕ್ತಿ ಇಲ್ಲದ ಇಲಿಗೆ ಚುಚ್ಚುತ್ತಿದ್ದೆವು. ಗಡ್ಡೆ ಬೆಳೆದರೆ ಕೋಶ ಪಾಸು! ಟೆರಟೋಮ ಎಂದು ಅದರ ಹೆಸರು. ಸೀಳಿ ನೋಡಿದರೆ ಒಂದು ಕಡೆ ಮೃದ್ವಸ್ಥಿ, ಪಕ್ಕದಲ್ಲೇ ಕರುಳಿನ ಒಳಪದರ, ಮತ್ತೊಂದು ಕಡೆ ಕಪ್ಪು ಬಣ್ಣದ ಕೋಶಗಳು. ಆ ಫೋಟೊ ಯಾವ ಕ್ಲಿನಿಕ್ಕಿನ ಬ್ರೋಷರಿನಲ್ಲೂ ಇರುವುದಿಲ್ಲ.

2013ರಲ್ಲಿ ಸ್ಪೇನಿನವರು ಈ ನಾಲ್ಕನ್ನೂ ಬದುಕಿರುವ ಇಲಿಯ ಮೈಯೊಳಗೇ ಚಾಲೂ ಮಾಡಿದರು. ಹಲವು ಅಂಗಗಳಲ್ಲಿ ಟೆರಟೋಮ ಎದ್ದವು. 2016ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಅಕಾಲ ಮುಪ್ಪಿನ ಇಲಿಗಳಲ್ಲಿ ಎರಡು ದಿನ ಚಾಲೂ, ಐದು ದಿನ ಬಂದ್ ಎಂದು ನಡೆಸಿದಾಗ ಇಲಿಗಳು ಹೆಚ್ಚು ಕಾಲ ಬದುಕಿದವು. 2020ರಲ್ಲಿ ಹಾರ್ವರ್ಡ್ ತಂಡ ಕ್ಯಾನ್ಸರಿಗೆ ಹೆಸರಾದ ಸಿ-ಮಿಕ್ ಅನ್ನು ಬಿಟ್ಟು ಉಳಿದ ಮೂರನ್ನು ವೈರಸ್ ಮೂಲಕ ಇಲಿಯ ಕಣ್ಣಿಗೆ ಕಳಿಸಿತು. ಮಂಜಾಗಿದ್ದ ದೃಷ್ಟಿ ಸ್ವಲ್ಪ ಮರಳಿತು. ಒಳ್ಳೆಯ ಕೆಲಸ, ಹೊಟ್ಟೆಕಿಚ್ಚಾಗುವಷ್ಟು ಒಳ್ಳೆಯ ಕೆಲಸ. ಆದರೆ ಸಾಲ್ಕ್‌ನ ಇಲಿಗಳಿಗೆ ಹುಟ್ಟಿನಿಂದಲೇ ಆ ಜೀನ್‌ಗಳನ್ನೂ ಅವುಗಳ ಸ್ವಿಚ್ಚನ್ನೂ ಸೇರಿಸಲಾಗಿತ್ತು. ನಿಮ್ಮ ತಂದೆಯ ಮೈಯಲ್ಲಿ ಆ ಸ್ವಿಚ್ ಇಲ್ಲ. ಈ ನಾಲ್ಕರ ಪ್ರೋಟೀನುಗಳು ಕೋಶಕೇಂದ್ರದ ಒಳಗೆ ಕೂತು ಕೆಲಸ ಮಾಡುವಂಥವು. ಗ್ಲೂಕೋಸ್ ಬಾಟಲಿಯಿಂದ ತೊಟ್ಟಿಕ್ಕಿ ಅಲ್ಲಿಗೆ ಸೇರುವುದಿಲ್ಲ. ಬಾಟಲಿಯಲ್ಲಿ ಬಹುಶಃ ವಿಟಮಿನ್ ಇರುತ್ತದೆ. ಆ ನಾಲ್ಕು ಇಲ್ಲದಿರುವುದೇ ನಿಮ್ಮ ತಂದೆಯ ಪುಣ್ಯ.

‘ಇದು ಟ್ರಯಲ್’ ಎಂದು ಅವರು ವರಸೆ ಬದಲಿಸಿದರೆ ಸಿಟಿಆರ್‌ಐ (ದೇಶದಲ್ಲಿ ನಡೆಯುವ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಕಾಂಡಕೋಶದ ಟ್ರಯಲ್‌ಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ ಎನ್ನುವುದನ್ನೂ ನೆನಪಿಸಿ. ಮರೆವಿಗೆ, ಸುಸ್ತಿಗೆ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಬಿ12, ಥೈರಾಯ್ಡ್ ನೋಡಿಸಿ. ಕಿವಿಯನ್ನೂ ಪರೀಕ್ಷಿಸಿ, ಎಷ್ಟೋ ಸಲ ಹಿರಿಯರು ಮರೆತಿರುವುದಿಲ್ಲ, ಕೇಳಿಸಿಕೊಂಡೇ ಇರುವುದಿಲ್ಲ. ಇದಕ್ಕಿಂತ ಮುಂದೆ ನಾನು ಹೇಳಬಾರದು. ನಾನು ಇಲಿಗಳನ್ನು ನೋಡಿದವನು.

ಪ್ರಶ್ನೆ: ಅಣ್ಣನ ಮಗನಿಗೆ ಥಲಸ್ಸೀಮಿಯ. ಹುಟ್ಟಿದಾಗ ಅವನ ಹೊಕ್ಕುಳಬಳ್ಳಿಯ ರಕ್ತ ಬ್ಯಾಂಕಿನಲ್ಲಿಟ್ಟಿದ್ದೇವೆ. ಅದರಿಂದ ಗುಣವಾಗುತ್ತದೆಯೇ?

ಉತ್ತರ: ಇಲ್ಲ. ಥಲಸ್ಸೀಮಿಯ ಜೀನ್ ಕೆಟ್ಟು ಹುಟ್ಟಿನಿಂದ ಬರುವ ರಕ್ತದ ಕಾಯಿಲೆ. ಆ ಹೊಕ್ಕುಳಬಳ್ಳಿಯ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇದೆ. ದುಡ್ಡು ಕಟ್ಟಿಸಿಕೊಂಡವರು ಇದನ್ನು ಅವತ್ತೇ ಹೇಳಬೇಕಿತ್ತು. ಹೊಂದುವ ಒಡಹುಟ್ಟಿದವರ ಅಸ್ಥಿಮಜ್ಜೆ ಸಿಕ್ಕರೆ ದಾರಿಯಿದೆ. ತಡಮಾಡದೆ ಮಕ್ಕಳ ರಕ್ತರೋಗ ತಜ್ಞರನ್ನು ಕಾಣಿ.

ಪ್ರಶ್ನೆ: ಗರ್ಭಿಣಿ ಶ್ಲೋಕ ಕೇಳಿದರೆ ಮಗುವಿನ ಎಪಿಜೆನೆಟಿಕ್ಸ್ ಸುಧಾರಿಸುತ್ತದಂತೆ?

ಉತ್ತರ: 1944-45ರ ಬರಗಾಲದ ಚಳಿಗಾಲದಲ್ಲಿ ಡಚ್ ತಾಯಂದಿರ ಹೊಟ್ಟೆಯಲ್ಲಿದ್ದವರ ಡಿಎನ್‌ಎ ಮೇಲಿನ ಗುರುತುಗಳಲ್ಲಿ ಆರು ದಶಕದ ನಂತರವೂ ವ್ಯತ್ಯಾಸ ಕಂಡಿದೆ. ಗುರುತು ಬಿಟ್ಟದ್ದು ಹಸಿವು. ಸೊಸೆಗೆ ಹೊಟ್ಟೆತುಂಬ ಬಡಿಸಿ. ಶ್ಲೋಕ ಅವಳಿಗೆ ಇಷ್ಟವಿದ್ದರೆ ಕೇಳಲಿ.

ಪ್ರಶ್ನೆ: ಮಂಡಿಗೆ ಸ್ಟೆಮ್ ಸೆಲ್ ಇಂಜೆಕ್ಷನ್?

ಉತ್ತರ: 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲಿ ಅದು ಪ್ರಯೋಗವಾಗಿತ್ತು, ಚಿಕಿತ್ಸೆಯಾಗಿರಲಿಲ್ಲ.

ಪ್ರಶ್ನೆ: ಎಪಿಜೆನೆಟಿಕ್ ವಯಸ್ಸು ಹೇಳುವ ಕಿಟ್ ತರಿಸಲೇ?

ಉತ್ತರ: ಆಧಾರ್ ಕಾರ್ಡ್ ನೋಡಿಕೊಳ್ಳಿ.