ಭಾಷೆ ಕಲಿತರೆ ಕೆಲಸ ಸಿಗುತ್ತಾ? ಎಷ್ಟು ಕಲಿತರೆ ಸಾಕು?

ಪ್ರಶ್ನೆ: ಬಿ.ಕಾಂ. ಮುಗಿಸಿ ಐದು ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಜೆ ಕ್ಲಾಸಿಗೆ ಹೋಗಿ ಜರ್ಮನ್ ಎ2 ಪಾಸ್ ಮಾಡಿದ್ದೇನೆ. ಕೆಲಸ ಬಿಟ್ಟು ಪೂರ್ತಿ ಭಾಷೆ ಕಲಿಯಲು ಕೂತರೆ ಜಾಸ್ತಿ ಸಂಬಳದ ಕೆಲಸ ಸಿಗುತ್ತೆ ಅಂತ ಗೆಳತಿ ಹೇಳುತ್ತಾಳೆ. ಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಜರ್ಮನ್‌ಗೆ ಬೆಲೆ ಬರುವುದೇ ಆ ಐದು ವರ್ಷದ ಅನುಭವದಿಂದ. ಬರೀ ಭಾಷೆ ಬರುತ್ತೆ ಅನ್ನುವವರಿಗೆ ಇರುವ ದಾರಿಗಳು ಮುಖ್ಯವಾಗಿ ಪಾಠ ಹೇಳುವುದು, ಅನುವಾದ, ದುಭಾಷಿ ಕೆಲಸ. ಈ ಮೂರಕ್ಕೂ ಭಾಷೆಯ ಮೇಲೆ ತುಂಬಾ ಗಟ್ಟಿ ಹಿಡಿತ ಬೇಕು. ಲೆಕ್ಕಪತ್ರ ಗೊತ್ತಿದ್ದು ಜರ್ಮನ್ ಕೂಡ ಬರುವವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಜರ್ಮನ್ ಗ್ರಾಹಕರ ಬಿಲ್, ಬಾಕಿ, ಪಾವತಿ ನೋಡಿಕೊಳ್ಳುವ ತಂಡಗಳಿಗೆ ಬೇಕಾದವರು ಅವರೇ.

ಈಗ ಎ2 ವಿಷಯಕ್ಕೆ ಬರೋಣ. ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಎ1ರಿಂದ ಸಿ2ವರೆಗೆ ಆರು ಹಂತಗಳಿವೆ. ಎ2 ಅಂದರೆ ಪರಿಚಯ ಹೇಳಿಕೊಳ್ಳಬಹುದು, ದಾರಿ ಕೇಳಬಹುದು, ಅಂಗಡಿಯಲ್ಲಿ ವ್ಯವಹರಿಸಬಹುದು. ಆಫೀಸಿನ ಕೆಲಸಕ್ಕೆ ಅದು ಸಾಲುವುದಿಲ್ಲ. ತನ್ನ ಕ್ಷೇತ್ರದ ವಿಷಯವನ್ನು ತಡವರಿಸದೆ ಮಾತಾಡುವುದು, ವಿವರವಾಗಿ ಬರೆಯುವುದು ಬರುವುದು ಬಿ2 ಹಂತದಲ್ಲಿ. ನನ್ನ ಪ್ರಕಾರ ಭಾಷೆ ಸಂಬಳವಾಗಿ ಬದಲಾಗಲು ಶುರುವಾಗುವುದೂ ಅಲ್ಲಿಂದಲೇ. ಬಹಳ ಜನ ಎ2, ಬಿ1ಗೆ ನಿಲ್ಲಿಸಿಬಿಡುತ್ತಾರೆ. ಅಷ್ಟು ಶ್ರಮಪಟ್ಟು ಬಾಗಿಲ ಹತ್ತಿರ ಬಂದು ವಾಪಸ್ ಹೋಗುತ್ತಾರಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಫೋನ್ ಕರೆ ಊಹಿಸಿಕೊಳ್ಳಿ. ಗ್ರಾಹಕರು ಬಿಲ್ ನಂಬರ್ ಹೇಳುತ್ತಿದ್ದಾರೆ. ಜರ್ಮನ್‌ನಲ್ಲಿ 53 ಅನ್ನು ‘ಮೂರು ಮತ್ತು ಐವತ್ತು’ ಎಂಬ ಕ್ರಮದಲ್ಲಿ ಹೇಳುತ್ತಾರೆ. ಕೇಳಿದ ಕ್ರಮದಲ್ಲೇ ಬರೆದುಕೊಂಡರೆ ಅದು 35 ಆಗಿಬಿಡುತ್ತದೆ, ಹಣ ಬೇರೆ ಬಿಲ್ಲಿಗೆ ಜಮಾ ಆಗುತ್ತದೆ. ಎರಡಕ್ಕೆ ‘ತ್ಸ್ವೈ’, ಮೂರಕ್ಕೆ ‘ದ್ರೈ’. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ ಅಂತ ಅವರು ಎರಡಕ್ಕೆ ‘ತ್ಸ್ವೋ’ ಅನ್ನುವುದುಂಟು. ಕಾಗದದ ಮೇಲೆ ಮೊತ್ತ 1.250,50 ಎಂದಿರುತ್ತದೆ. ಅಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ನಿಮ್ಮಂಥ ಅಕೌಂಟ್ಸ್‌ನವರ ಕಣ್ಣಿಗೆ ಇದು ತಕ್ಷಣ ಬೀಳುತ್ತೆ, ಅಲ್ವಾ? ಭಾಷೆ ಮಾತ್ರ ಕಲಿತವರಿಗೆ ಬೀಳದೆ ಇರಬಹುದು.

ಮೊದಲಿಂದ ಬಿ2 ಮುಗಿಸುವ ಹೊತ್ತಿಗೆ ಸುಮಾರು 600ರಿಂದ 800 ಪಾಠದ ಅವಧಿಗಳು ಬೇಕಾಗುತ್ತವೆ. ಒಂದು ಅವಧಿ ಅಂದರೆ 45 ನಿಮಿಷ. ಮನೆಯಲ್ಲಿ ಓದುವುದು ಬೇರೆ. ನೀವು ಸಂಜೆ ಕ್ಲಾಸನ್ನೇ ಮುಂದುವರಿಸಿದರೆ ಇನ್ನು ಒಂದೂವರೆ ವರ್ಷ ಅಂದುಕೊಳ್ಳಿ. ಈ ಹೊತ್ತಿಗೆ ನಿಮ್ಮ ಕಂಪನಿಗೇ ಜರ್ಮನ್ ಗ್ರಾಹಕರು ಇದ್ದಾರಾ ವಿಚಾರಿಸಿ. ಇದ್ದರೆ ಅವರ ಬಿಲ್, ಈಮೇಲ್ ನೋಡುವ ಅವಕಾಶ ಕೊಡಿ ಅಂತ ಮೇಲಿನವರನ್ನು ಕೇಳಿ. ರೆಸ್ಯೂಮೆಯಲ್ಲಿ ‘ಜರ್ಮನ್ ಬರುತ್ತದೆ’ ಅಂತ ಸುಮ್ನೆ ಬರೆಯಬೇಡಿ. ಪರೀಕ್ಷೆಯ ಹೆಸರು, ಹಂತ, ಪಾಸಾದ ವರ್ಷ, ಆ ಭಾಷೆಯಲ್ಲಿ ಮಾಡಿದ ಕೆಲಸ ಬರೆಯಿರಿ.

ಪ್ರಶ್ನೆ: ನಾನು ಜಪಾನೀಸ್ ಎನ್3 ಪಾಸಾಗಿದ್ದೇನೆ, ಅಂಕಗಳೂ ಚೆನ್ನಾಗಿವೆ. ಆದರೂ ಎರಡು ಸಂದರ್ಶನಗಳಲ್ಲಿ ಬಾಯಿಯೇ ಬರಲಿಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?

ಉತ್ತರ: ಖಂಡಿತ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಬರೆದ ಜೆಎಲ್‌ಪಿಟಿಯಲ್ಲಿ, ಅಂದರೆ ಜಪಾನೀಸ್ ಭಾಷಾ ಸಾಮರ್ಥ್ಯದ ಪರೀಕ್ಷೆಯಲ್ಲಿ, ಮಾತಿನ ಭಾಗವೇ ಇಲ್ಲ, ಬರವಣಿಗೆಯೂ ಇಲ್ಲ. ಪದ, ವ್ಯಾಕರಣ, ಓದು, ಆಲಿಸುವಿಕೆ ಅಷ್ಟೇ, ಅದೂ ಸರಿ ಉತ್ತರ ಗುರುತು ಮಾಡುವ ಪ್ರಶ್ನೆಗಳು. ಸುಲಭದ ಎನ್5ರಿಂದ ಅತಿ ಕಷ್ಟದ ಎನ್1ವರೆಗಿನ ಐದು ಹಂತಕ್ಕೂ ಇದೇ ಕಥೆ. ಅಂಕ ಬಂದರೂ ಬಾಯಿ ಕಟ್ಟುವುದು ಸಹಜ. ಸಂದರ್ಶನ ಮಾಡುವವರಿಗೂ ಇದು ಗೊತ್ತಿರುತ್ತದೆ. ಅದಕ್ಕೇ ಅವರು ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಮಾತಾಡಿಸಿ ನೋಡುತ್ತಾರೆ.

ಈ ವಾರದಿಂದಲೇ ಬಾಯಿ ತೆರೆಯುವ ಅಭ್ಯಾಸ ಶುರುಮಾಡಿ. ಸಂದರ್ಶನದ ಶುರುವಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಗೊತ್ತಿರುವವೇ: ನಿಮ್ಮ ಬಗ್ಗೆ ಹೇಳಿ, ಹಿಂದಿನ ಕೆಲಸದಲ್ಲಿ ಏನು ಮಾಡಿದಿರಿ, ಇಲ್ಲಿಗೆ ಯಾಕೆ ಬರಬೇಕು ಅಂತಿದ್ದೀರಿ. ಉತ್ತರಗಳನ್ನು ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ‘ಕೇಯಿಗೊ’ ಅಂದರೆ ಮರ್ಯಾದೆಯ ಮಾತನ್ನು ಬೇರೆಯಾಗಿಯೇ ಕಲಿಯಬೇಕು. ಗೆಳೆಯರ ಜೊತೆ ಆಡುವ ಧಾಟಿ ಅಲ್ಲಿ ನಡೆಯುವುದಿಲ್ಲ. ಒಂದು ವಿಷಯದಲ್ಲಿ ನೀವು ಅದೃಷ್ಟವಂತರು. ಜಪಾನೀಸ್‌ನಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ‘ಗೆ’, ‘ಅಲ್ಲಿ’, ‘ಇಂದ’ ಥರದವು ಪದದ ಕೊನೆಗೆ ಸೇರುತ್ತವೆ. ಹಾಗಾಗಿ ಇಂಗ್ಲಿಷ್‌ನಿಂದ ಅನುವಾದಿಸಲು ಹೋಗಬೇಡಿ, ಕನ್ನಡದಲ್ಲಿ ಯೋಚಿಸಿ ವಾಕ್ಯ ಕಟ್ಟಿ. ಕಷ್ಟ ಇರುವುದು ಕಾಂಜಿಯಲ್ಲಿ, ಅಂದರೆ ಚೀನೀ ಮೂಲದ ಅಕ್ಷರಗಳಲ್ಲಿ. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಬಹಳಷ್ಟು ಆಫೀಸ್ ಕೆಲಸಗಳಿಗೆ ಎನ್2 ಕೇಳುತ್ತಾರೆ. ಗುರಿ ಅಲ್ಲಿಗಿಡಿ, ಆದರೆ ಮಾತು ಕಲಿಯುವುದನ್ನು ಎನ್2 ಆದ ಮೇಲೆ ನೋಡೋಣ ಅಂತ ಮುಂದೂಡಬೇಡಿ.

ಪ್ರಶ್ನೆ: ಮಗಳು ಮೆಡಿಕಲ್ ಓದುತ್ತಿದ್ದಾಳೆ, ಮುಂದೆ ಜರ್ಮನಿಗೆ ಹೋಗುವ ಆಸೆ. ಈಗೆಲ್ಲ ಮೊಬೈಲೇ ಅನುವಾದ ಮಾಡಿಕೊಡುತ್ತದಲ್ಲ, ಇಷ್ಟು ಕಷ್ಟಪಟ್ಟು ಭಾಷೆ ಕಲಿಯಬೇಕಾ?

ಉತ್ತರ: ಕಲಿಯಲೇಬೇಕು. ಸಾಮಾನ್ಯ ಈಮೇಲ್, ಸರಳ ಪತ್ರಗಳ ಅನುವಾದಕ್ಕೆ ಮೊಬೈಲ್ ಬಂದಿರುವುದು ನಿಜ, ಅಂಥ ಕೆಲಸಗಳು ಕಡಿಮೆಯಾಗುತ್ತಿರುವುದೂ ನಿಜ. ವೈದ್ಯರ ವಿಷಯ ಬೇರೆ. ಜರ್ಮನಿಯಲ್ಲಿ ವೃತ್ತಿ ಮಾಡಲು ಬರುವ ವಿದೇಶಿ ವೈದ್ಯರು ಸಾಮಾನ್ಯವಾಗಿ ವೈದ್ಯಕೀಯ ಭಾಷೆಯ ಪರೀಕ್ಷೆಯನ್ನೂ ಪಾಸಾಗಬೇಕು, ಅದು ಸಿ1 ಮಟ್ಟದ್ದು. ಅದರಲ್ಲಿ ತಲಾ 20 ನಿಮಿಷದ ಮೂರು ಭಾಗ. ಮೊದಲು ರೋಗಿಯ ಪಾತ್ರದಲ್ಲಿರುವವರನ್ನು ಮಾತಾಡಿಸಿ ತೊಂದರೆ ಏನೆಂದು ತಿಳಿಯಬೇಕು. ಆಮೇಲೆ ಅದನ್ನು ವರದಿಯಾಗಿ ಬರೆಯಬೇಕು. ಕೊನೆಗೆ ಇನ್ನೊಬ್ಬ ವೈದ್ಯರಿಗೆ ಆ ಕೇಸನ್ನು ವಿವರಿಸಬೇಕು. ರೋಗಿಗೆ ಅರ್ಥವಾಗುವ ಮಾತು ಒಂದು ಥರ, ವೈದ್ಯರ ನಡುವಿನ ಮಾತು ಇನ್ನೊಂದು ಥರ. ಎರಡನ್ನೂ ನೋಡುತ್ತಾರೆ. ನರ್ಸ್‌ಗಳಿಗೂ ಅಲ್ಲಿ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಮಗಳು ಓದಿನ ನಡುವೆ ವಾರಕ್ಕೆ ನಾಲ್ಕೈದು ಗಂಟೆ ಕೊಟ್ಟರೂ ಡಿಗ್ರಿ ಮುಗಿಯುವ ಹೊತ್ತಿಗೆ ಬಿ2 ಹತ್ತಿರ ಇರುತ್ತಾಳೆ. ವೈದ್ಯಕೀಯ ಜರ್ಮನ್ ಅನ್ನು ಆಮೇಲೆ ಶುರುಮಾಡಬಹುದು.