ಏಳನೆಯ ಆವರ್ತದಲ್ಲಿ ನಿಲ್ಲುತ್ತಿದ್ದ ಕೈ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಅವರ ಗುರುತು ಸಿಗದಂತೆ ವಯಸ್ಸು, ವೃತ್ತಿ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಂಗೀತಕ್ಕೆ ಸಂಬಂಧಿಸಿದ ವಿವರಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಪ್ರಕರಣದ ತಿರುಳೇ ಅಲ್ಲಿದೆ.

ಅವರು ಐವತ್ತು ದಾಟಿದ, ಸ್ವಯಂನಿವೃತ್ತಿ ಪಡೆದ ಅಧ್ಯಾಪಕಿ. ನನ್ನ ಬಳಿ ಬಂದಾಗ ಗಿಟಾರಿನ ಮಾತನ್ನು ಮೊದಲು ಎತ್ತಲೇ ಇಲ್ಲ. "ಮೇಡಂ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ನನ್ನ ಸ್ವಭಾವವೇ ಆಗಿಬಿಟ್ಟಿದೆ" ಎಂದರು. ಹುಡುಗಿಯಾಗಿದ್ದಾಗ ಕರ್ನಾಟಕ ಸಂಗೀತದ ಹಾಡುಗಾರಿಕೆಯನ್ನು ವರ್ಣವೆಂಬ ರಚನೆಗಳ ಹಂತದವರೆಗೆ ಕಲಿತು, ಮದುವೆಯ ನಂತರ ಬಿಟ್ಟಿದ್ದರು. ಸಂಶೋಧನಾ ಪ್ರಬಂಧವೊಂದು ಮೂರು ಅಧ್ಯಾಯಗಳಿಗೆ ನಿಂತಿತ್ತು. ಈಗ, ವಿದೇಶಕ್ಕೆ ಹೋದ ಮಗಳು ಮನೆಯಲ್ಲಿ ಬಿಟ್ಟುಹೋದ ಕ್ಲಾಸಿಕಲ್ ಗಿಟಾರನ್ನು ಹದಿನಾಲ್ಕು ತಿಂಗಳಿನಿಂದ ದಿನಕ್ಕೆ ಒಂದು ಗಂಟೆಯಂತೆ, ಗುರುಗಳಿಲ್ಲದೆ, ವಿಡಿಯೊಗಳನ್ನು ನೋಡಿ ಕಲಿಯುತ್ತಿದ್ದರೂ ಒಂದು ಕೃತಿಯನ್ನೂ ಮೊದಲಿನಿಂದ ಕೊನೆಯವರೆಗೆ ನುಡಿಸಲಾರದೆ ಹೋದದ್ದು ಅವರ ಪಾಲಿಗೆ ಆ ಸ್ವಭಾವದ ಕೊನೆಯ ಸಾಕ್ಷಿಯಂತೆ ತೋರುತ್ತಿತ್ತು. ನಿದ್ದೆ ಕೆಟ್ಟಿತ್ತು. ಎಡಗೈಯ ಹೆಬ್ಬೆರಳಿನ ಬುಡದಲ್ಲಿ ನೋವಿತ್ತು.

ನಾನೂ ಕೆಲವು ವರ್ಷ ಈ ವಾದ್ಯವನ್ನು ಅಭ್ಯಾಸ ಮಾಡಿದವಳಾದ್ದರಿಂದ, ಎರಡನೆಯ ಭೇಟಿಗೆ ಗಿಟಾರನ್ನು ತರಲು ಹೇಳಿದೆ. ಜೊತೆಗೆ ಇದುವರೆಗೆ ಕೈಹಾಕಿದ ಕೃತಿಗಳ ಪಟ್ಟಿಯನ್ನೂ ಕೇಳಿದೆ. ಪಟ್ಟಿಯಲ್ಲಿ ಐದು ಹೆಸರುಗಳಿದ್ದವು: ರಚಿಸಿದವರು ಯಾರೆಂದು ಇಂದಿಗೂ ಖಚಿತವಾಗದ 'ರೊಮಾನ್ಸ್', ಟಾರೆಗಾನ 'ಲಾಗ್ರಿಮಾ' ಮತ್ತು 'ರೆಕುವೆರ್ದೋಸ್ ದೆ ಲಾ ಅಲ್ಹಂಬ್ರಾ', ಅಲ್ಬೆನಿಜ್ ಪಿಯಾನೊಗಾಗಿ ಬರೆದು ಆಮೇಲೆ ಗಿಟಾರಿಗೆ ಬಂದ 'ಅಸ್ತೂರಿಯಾಸ್', ಬಾಖ್‌ನ ಇ ಮೈನರ್ ಬೂರೆ ಎಂಬ ನೃತ್ಯಕೃತಿ. ಒಂದೊಂದೂ ಅಪ್ಪಟ ಚಿನ್ನವೇ. ಆದರೆ ಆ ಪಟ್ಟಿಯಲ್ಲಿ ಹೊಸಬರ ಮೊದಲ ವರ್ಷಕ್ಕೆ ಹೊಂದುವ ಕೃತಿ ಒಂದೂ ಇರಲಿಲ್ಲ.

ಅವರು ರೊಮಾನ್ಸ್ ನುಡಿಸತೊಡಗಿದರು. ಸ್ವರಲಿಪಿಯಲ್ಲಿ ಎರಡು ಗೆರೆಗಳ ನಡುವಿನ ಒಂದೊಂದು ಮನೆಯನ್ನು ಅವರು ಹಳೆಯ ರೂಢಿಯಂತೆ ಆವರ್ತ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ಮೊದಲ ಆರು ಆವರ್ತಗಳಲ್ಲಿ ಎಡಗೈಗೆ ಇರುವುದು ಒಂದೇ ಕೆಲಸ: ಮೊದಲನೆಯ ತಂತಿಯ ಮೇಲೆ ಏಳನೆಯ ಫ್ರೆಟ್‌ನಿಂದ (ಕತ್ತಿನ ಮೇಲಿನ ಅಡ್ಡಪಟ್ಟಿ, ಅಂದರೆ ಮೆಟ್ಟು) ಇಳಿದು, ಮತ್ತೆ ಹತ್ತಿ, ಹನ್ನೆರಡಕ್ಕೆ ಹೋಗಿ ಎಂಟಕ್ಕೆ ಬರುವುದು. ಉಳಿದ ತಂತಿಗಳೆಲ್ಲ ಎಡಗೈ ಒತ್ತದೆ, ಬಿಡಿಯಾಗಿಯೇ ಮಿಡಿಯುತ್ತವೆ. ಇಷ್ಟನ್ನು ಅವರು ನಿಜಕ್ಕೂ ಸೊಗಸಾಗಿ, ಹಾಡುವವರ ಉಸಿರಿನ ಲೆಕ್ಕದಲ್ಲಿ ನುಡಿಸಿದರು. ಏಳನೆಯ ಆವರ್ತದಲ್ಲಿ ತೋರುಬೆರಳು ಐದನೆಯ ಫ್ರೆಟ್‌ನಲ್ಲಿ ತಂತಿಗಳ ಮೇಲೆ ಅಡ್ಡಲಾಗಿ ಮಲಗಬೇಕು. ಅಲ್ಲಿಗೆ ಬರುತ್ತಲೇ ಹೆಗಲು ಮೇಲೇರಿತು, ಹೆಬ್ಬೆರಳು ಗಿಟಾರಿನ ಕತ್ತನ್ನು ಇಕ್ಕಳದಂತೆ ಹಿಡಿಯಿತು, ನಾದ ಸತ್ತಿತು. ಇನ್ನು ಹತ್ತನೆಯ ಆವರ್ತದಲ್ಲಿ ಅದೇ ಬೆರಳನ್ನು ಏಳನೆಯ ಫ್ರೆಟ್‌ನಲ್ಲಿ ಅಡ್ಡ ಒತ್ತಿಕೊಂಡೇ ಕಿರುಬೆರಳನ್ನು ಹನ್ನೊಂದಕ್ಕೆ ಚಾಚಬೇಕು. 650 ಮಿಲಿಮೀಟರ್ ತಂತಿಯುದ್ದದ ಸಾಮಾನ್ಯ ಗಿಟಾರಿನಲ್ಲಿ ಆ ಎರಡು ಫ್ರೆಟ್‌ಗಳ ನಡುವೆ ಸುಮಾರು 9 ಸೆಂಟಿಮೀಟರ್ ಅಂತರವಿದೆ. ಚಿಕ್ಕ ಅಂಗೈಯ ಅವರು ಅದನ್ನು ಹದಿನಾಲ್ಕು ತಿಂಗಳು ದಿನವೂ ಪ್ರಯತ್ನಿಸಿದ್ದರು. ಹೆಬ್ಬೆರಳ ನೋವು ಎಲ್ಲಿಂದ ಬಂತೆಂಬುದು ಕಣ್ಣೆದುರಿಗೇ ಇತ್ತು.

ನನ್ನ ತೀರ್ಮಾನವನ್ನು ಅಂದೇ ಅವರಿಗೆ ನೇರವಾಗಿ ಹೇಳಿದೆ: ಇಲ್ಲಿ ಸೋತದ್ದು ಕೃತಿಯ ಆಯ್ಕೆ, ವ್ಯಕ್ತಿಯ ಸ್ವಭಾವವಲ್ಲ. ಈ ಸಂಗೀತವನ್ನು ಕೇಳಿ ಮೆಚ್ಚುವ ಕಿವಿಗೆ ಹತ್ತಾರು ವರ್ಷಗಳ ಸಂಸ್ಕಾರವಿದೆ, ಕೈಗೆ ಒಂದು ವರ್ಷದ್ದು. ಕಿವಿ ಕೇಳಿದ್ದನ್ನು ಕೈ ಕೊಡಲಾರದೆ ಹೋದಾಗ, ಆ ಅಂತರವನ್ನು ಅವರು ತಮ್ಮ ಗುಣದೋಷವೆಂದು ಓದಿಕೊಂಡಿದ್ದರು. ರೊಮಾನ್ಸ್ ಇದಕ್ಕೆ ಹೇಳಿ ಮಾಡಿಸಿದಂತಹ ಕೃತಿ; ಅದರ ಬಾಗಿಲು ಅಷ್ಟು ಅಗಲವಾಗಿ ತೆರೆದಿರುವುದರಿಂದ ಒಳಗಿನ ಇಕ್ಕಟ್ಟು ಹೊರಗಿನಿಂದ ಕಾಣುವುದಿಲ್ಲ. ಸ್ವಂತವಾಗಿ ಕಲಿಯುವ ಎಷ್ಟೋ ಮಂದಿ ಅದರ ಮೊದಲ ಸಾಲುಗಳಲ್ಲೇ ಉಳಿದುಬಿಡುತ್ತಾರೆ.

ಆಗ ಅವರಿಗೆ ಅವರದೇ ಬಾಲ್ಯದ ಪಾಠಕ್ರಮವನ್ನು ನೆನಪಿಸಿದೆ. ಸರಳೆ, ಜಂಟಿ, ದಾಟು, ಅಲಂಕಾರ ಎಂಬ ಸ್ವರಾಭ್ಯಾಸಗಳು, ಆಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು: ಪುರಂದರದಾಸರ ಹೆಸರಿನೊಂದಿಗೆ ಬಂದ ಈ ಮೆಟ್ಟಿಲುಗಳನ್ನು ಶಿಷ್ಯರು ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಗೀತೆ ಚಿಕ್ಕದು, ಸಂಗತಿಗಳ (ಒಂದೇ ಸಾಲನ್ನು ಬೆಳೆಸಿ ಹಾಡುವ ರೂಪಗಳ) ಭಾರವಿಲ್ಲದ್ದು, ಆದರೂ ಅದು ಆದಿ ಅಂತ್ಯಗಳುಳ್ಳ ಪೂರ್ತಿ ರಚನೆ. ಅದನ್ನು ಹಾಡಿ ಮುಗಿಸಿದ ಹುಡುಗಿ ಒಂದು ಹಾಡನ್ನು ಕಲಿತವಳೇ ಆಗುತ್ತಿದ್ದಳು. ಗಿಟಾರಿನ ಮುಂದೆ ಕುಳಿತಾಗ ಅವರಿಗೆ ಆ ಗೀತೆಯ ಹಂತವೇ ಸಿಕ್ಕಿರಲಿಲ್ಲ. ಅವರು ಕೈಹಾಕಿದ್ದೆಲ್ಲ ದೊಡ್ಡ ಕೃತಿಗಳಿಗೆ. ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಇಲ್ಲಿ ಗೀತೆ ಯಾವುದು?" ಎಂದು ಕೇಳಿದರು. ಸಲಹೆಯ ಕೆಲಸ ನಿಜವಾಗಿ ಆರಂಭವಾದದ್ದು ಆ ಪ್ರಶ್ನೆಯಿಂದ.

ನಾನು ಸೂಚಿಸಿದ ಮೊದಲ ಕೃತಿ ಫೆರ್ನಾಂದೊ ಸೋರ್‌ನ ಓಪಸ್ 60 (ಕೃತಿಸಂಖ್ಯೆ 60) ಎಂಬ ಸಂಗ್ರಹದ ಮೊದಲ ಪಾಠ. ಸಿ ಮೇಜರ್, ಒಂದು ಸಲಕ್ಕೆ ಒಂದೇ ಸ್ವರ, ಕೈ ಮೊದಲ ಫ್ರೆಟ್‌ಗಳ ಆಸುಪಾಸಿನಲ್ಲೇ ಇರುತ್ತದೆ. ಅದನ್ನು ನೋಡಿ ಅವರ ಮುಖ ಬಾಡಿತು. "ಇದು ಮಕ್ಕಳ ಪಾಠ, ಮೇಡಂ." ಈ ಅವಮಾನದ ಭಾವವನ್ನು ಹಗುರವಾಗಿ ತಳ್ಳಿಹಾಕಬಾರದು, ದೊಡ್ಡ ವಯಸ್ಸಿನಲ್ಲಿ ಕಲಿಯುವವರು ಅಭ್ಯಾಸ ಬಿಡಲು ಇದೊಂದೇ ಸಾಕು. ಬಾರ್ಸಿಲೋನಾದಲ್ಲಿ 1778ರಲ್ಲಿ ಹುಟ್ಟಿ 1839ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಸೋರ್, ಕಠಿಣ ಅಭ್ಯಾಸಕೃತಿಗಳನ್ನೂ ದೊಡ್ಡ ಸೊನಾಟಾಗಳನ್ನೂ ರಚಿಸಿದ ಮೇಲೆ, ಬದುಕಿನ ಕೊನೆಯ ವರ್ಷಗಳಲ್ಲಿ ಹೊಸಬರಿಗಾಗಿ ಈ 25 ಪಾಠಗಳನ್ನು ಬರೆದನು ಎಂದು ಅವರಿಗೆ ತಿಳಿಸಿದೆ. ಅನಂತರ ಅದೇ ಪಾಠವನ್ನು ನಿಧಾನವಾಗಿ, ಒಂದು ಸ್ವರ ಮುಂದಿನದನ್ನು ಮುಟ್ಟುವವರೆಗೂ ಜೀವಂತವಾಗಿರುವಂತೆ ನುಡಿಸಿ ತೋರಿಸಿದೆ. ಅವರು ಪ್ರಯತ್ನಿಸಿದಾಗ ಸ್ವರಗಳ ನಡುವೆ ಬಿರುಕು ಬಿಟ್ಟಿತು. ಹಾಡುಗಾರ್ತಿಯ ಕಿವಿ ಅದನ್ನು ತಕ್ಷಣ ಹಿಡಿಯಿತು. ಮಕ್ಕಳ ಪಾಠವೆಂಬ ಮಾತು ಮತ್ತೆ ಬರಲಿಲ್ಲ.

ಕೃತಿಯನ್ನು ಆರಿಸುವ ಬಗ್ಗೆ ನಾನು ಬರೆದುಕೊಟ್ಟದ್ದು ಇಷ್ಟು. ಒಂದು ಪುಟ ಮೀರಬಾರದು. ಮೊದಲ ಆರು ತಿಂಗಳು ಬೆರಳನ್ನು ಅಡ್ಡ ಒತ್ತುವ ಬಾರೆ ಇರಬಾರದು. ಎರಡು ವಾರದೊಳಗೆ, ಎಷ್ಟೇ ನಿಧಾನವಾದರೂ ಸರಿ, ನಿಲ್ಲದೆ ಕೊನೆ ಮುಟ್ಟಲು ಸಾಧ್ಯವಾಗದಿದ್ದರೆ ಆ ಕೃತಿ ಇನ್ನೂ ಕಾಯಬೇಕು. ಅದನ್ನು ಕಪಾಟಿಗೆ ಮರಳಿಸುವುದು ಸೋಲಲ್ಲ. ಸರಳೆಯನ್ನು ಮೊದಲ ಕಾಲದಲ್ಲಿ ಸ್ಥಿರಗೊಳಿಸಿದ ಮೇಲೆಯೇ ಎರಡನೆಯ ಕಾಲಕ್ಕೆ ಏರುವ ಶಿಸ್ತು ಅವರಲ್ಲಿ ಆಗಲೇ ಇದ್ದುದರಿಂದ ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ಯಾವಾಗಲೂ ಮೂರು ಕೃತಿಗಳು ಕೈಯಲ್ಲಿರಲಿ ಎಂದೆ: ಹೊಸದೊಂದು, ತಿದ್ದುತ್ತಿರುವುದೊಂದು, ಮುಗಿಸಿದ್ದೊಂದು. ಈ ಮೂರನೆಯದನ್ನು ಪ್ರತಿದಿನ ಅಭ್ಯಾಸದ ಕೊನೆಗೆ ಪೂರ್ತಿಯಾಗಿ ನುಡಿಸಬೇಕು. ಅರ್ಧಕ್ಕೆ ಬಿಡುವವಳು ತಾನೆಂಬ ನಂಬಿಕೆಯನ್ನು ಮಾತಿನಿಂದ ಕದಲಿಸಲು ನಾನು ಎರಡು ಭೇಟಿಗಳನ್ನು ಕಳೆದಿದ್ದೆ. ದಿನವೂ ಒಂದು ಕೃತಿಯ ಕೊನೆಯ ಸ್ವರವನ್ನು ಮುಟ್ಟುವುದು ಅದಕ್ಕಿಂತ ಹೆಚ್ಚಿನ ಕೆಲಸ ಮಾಡಿತೆಂದು ನನ್ನ ದೃಢ ಅಭಿಪ್ರಾಯ.

ಸೋರ್ ಆದ ಮೇಲೆ ಕಾರುಲಿ ಮತ್ತು ಕಾರ್ಕಾಸಿಯವರ ಬೋಧನಾ ಪುಸ್ತಕಗಳ ಚಿಕ್ಕ ವಾಲ್ಟ್ಸ್‌ಗಳು, ಅಂದಾಂತಿನೊ ಎಂಬ ಸಾವಧಾನ ಗತಿಯ ತುಣುಕುಗಳು. ಬರೀ ಹತ್ತೊಂಬತ್ತನೆಯ ಶತಮಾನದ ಮಾಧುರ್ಯ ಬೇಸರ ತರಬಾರದೆಂದು, ಕ್ಯೂಬಾದ ಲಿಯೊ ಬ್ರೌವರ್‌ನ ಸರಳ ಅಭ್ಯಾಸಗಳಲ್ಲಿ ಮೊದಲನೆಯದನ್ನೂ ಮುಂದಿನ ಹಂತಕ್ಕೆ ಸೇರಿಸಿದೆ. ಅದರಲ್ಲಿ ರಾಗವನ್ನು ಬಲಗೈಯ ಹೆಬ್ಬೆರಳು ಮಂದ್ರದಲ್ಲಿ ನುಡಿಸುತ್ತದೆ. ಯಾವ ಕೃತಿ ಯಾವ ಮಟ್ಟದ್ದೆಂದು ತಿಳಿಯದೆ ಹೋದಾಗ, ಸಂಗೀತ ಪರೀಕ್ಷೆಗಳನ್ನು ನಡೆಸುವ ಟ್ರಿನಿಟಿ ಕಾಲೇಜ್ ಲಂಡನ್ನಿನ ಇನಿಷಿಯಲ್ ಹಾಗೂ ಒಂದನೆಯ ಗ್ರೇಡಿನ ಪಟ್ಟಿಗಳನ್ನು ನೋಡಬಹುದು, ಪರೀಕ್ಷೆಗೆ ಕೂರಲೇಬೇಕೆಂದಿಲ್ಲ.

ಕೈನೋವಿಗೆ ಮೊದಲು ವೈದ್ಯರನ್ನು ಕಾಣಲು ಹೇಳಿದೆ. ವೈದ್ಯರ ಅನುಮತಿ ಸಿಕ್ಕ ಮೇಲೆ ಅಭ್ಯಾಸವನ್ನು ಹದಿನೈದು ನಿಮಿಷಗಳ ಮೂರು ಭಾಗಗಳಾಗಿ ಒಡೆದೆವು. ಎರಡನೆಯ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಹಿಡಿಕೆ) ಹಾಕಿದಾಗ ತಂತಿಯುದ್ದ 650ರಿಂದ ಸುಮಾರು 580 ಮಿಲಿಮೀಟರಿಗೆ ಇಳಿದು ಫ್ರೆಟ್‌ಗಳು ಹತ್ತಿರವಾದವು. ವಾರಕ್ಕೊಮ್ಮೆಯಾದರೂ ಕುಳಿತ ಭಂಗಿಯನ್ನು ತಿದ್ದುವ ಗುರುಗಳು ಬೇಕೆಂದು ಒತ್ತಾಯಿಸಿದೆ. ಆ ಕೆಲಸ ಆಪ್ತಸಲಹೆಗಾರರದಲ್ಲ. ಮೂರನೆಯ ತಿಂಗಳಲ್ಲಿ ಅವರು ಒಬ್ಬ ಶಿಕ್ಷಕರ ಬಳಿ ಸೇರಿದರು.

ರೊಮಾನ್ಸನ್ನು ಬಿಡಿಸಲಿಲ್ಲ. ಅದೇ ಅವರನ್ನು ಈ ವಾದ್ಯಕ್ಕೆ ಕರೆತಂದದ್ದು. ಮೊದಲ ಆರು ಆವರ್ತಗಳನ್ನು ಮಾತ್ರ, ದಿನಕ್ಕೊಂದು ಸಲ, ನಾದದ ಅಭ್ಯಾಸವೆಂದು ನುಡಿಸಲು ಹೇಳಿದೆ.

ಏಳನೆಯ ತಿಂಗಳ ಭೇಟಿಗೆ ಅವರು ಕೇಳದೆಯೇ ಗಿಟಾರನ್ನು ತಂದಿದ್ದರು. ಸೋರ್‌ನ ಎರಡು ಪಾಠಗಳನ್ನೂ ಕಾರುಲಿಯ ಒಂದು ವಾಲ್ಟ್ಸನ್ನೂ ಕೊನೆಯವರೆಗೆ ನುಡಿಸಿದರು. ವಾಲ್ಟ್ಸ್‌ನ ನಡುವೆ ತಪ್ಪಿದ ಒಂದು ಸ್ವರಕ್ಕೆ ನಿಲ್ಲದೆ ಮುಂದೆ ಹೋದರು. ನಿದ್ದೆಯ ಬಗ್ಗೆ ಕೇಳಿದೆ, ಸರಿಹೋಗಿದೆ ಎಂದರು. ಹೊರಡುವಾಗ, ಏಳನೆಯ ಆವರ್ತಕ್ಕೆ ಮುಂದಿನ ವರ್ಷ ಕೈಹಾಕೋಣವೆಂದು ಗುರುಗಳು ಹೇಳಿದ್ದಾರೆ, ಅಲ್ಲಿಯವರೆಗೆ ಬ್ರೌವರ್ ಇದೆಯಲ್ಲ ಎಂದು ಹೇಳಿ ಪೆಟ್ಟಿಗೆ ಮುಚ್ಚಿದರು.