ಅಮೆರಿಕದ ಸಂಸತ್ತು ಕೇಳಿದಷ್ಟು ದುಡ್ಡು ಕೊಡದಿದ್ದರೂ ಟ್ರಂಪ್ ಮೆಕ್ಸಿಕೋ ಗಡಿಯ ಗೋಡೆಗೆ ಸೇನೆಯ ಹಣ ಬಳಸಿದ್ದು ಹೇಗೆ?

ಸುಮ್ನೆ ಖಜಾನೆಯಿಂದ ಎತ್ತಿಕೊಳ್ಳಲು ಅಧ್ಯಕ್ಷರಿಗೂ ಅಧಿಕಾರವಿಲ್ಲ. ಅಲ್ಲಿ ಹಣ ಮಂಜೂರು ಮಾಡುವುದು ಕಾಂಗ್ರೆಸ್, ಅಂದರೆ ಸಂಸತ್ತು. ಟ್ರಂಪ್ ಕೇಳಿದ್ದು 570 ಕೋಟಿ ಡಾಲರ್. ಈ ಜಗಳದಲ್ಲಿ 35 ದಿನ ಹಲವು ಸರ್ಕಾರಿ ಕಚೇರಿಗಳು ಮುಚ್ಚಿದ ಮೇಲೂ 2019ರ ಫೆಬ್ರವರಿಯಲ್ಲಿ ಸಿಕ್ಕಿದ್ದು 137.5 ಕೋಟಿ. ಮೆಕ್ಸಿಕೋ ಕೊಡುತ್ತದೆ ಎಂದಿದ್ದ ದುಡ್ಡಂತೂ ಬರಲೇ ಇಲ್ಲ ಬಿಡಿ.

ಆಗ ನೆರವಿಗೆ ಬಂದಿದ್ದು ಹಳೇ ಕಾನೂನುಗಳು. ಡ್ರಗ್ಸ್ ಸಾಗಣೆ ತಡೆಯಲು ಸೇನೆ ಗಡಿಯಲ್ಲಿ ಬೇಲಿ ಹಾಕಿಕೊಡಬಹುದು ಎಂದು ಒಂದು ಕಾನೂನಿನಲ್ಲಿದೆ. ಆ ಬಾಬ್ತಿಗೆ ರಕ್ಷಣಾ ಇಲಾಖೆ 250 ಕೋಟಿ ಡಾಲರ್ ವರ್ಗಾಯಿಸಿತು. ಅದರಲ್ಲಿ 100 ಕೋಟಿ ಸೈನಿಕರ ಸಂಬಳ ಸವಲತ್ತಿನ ಹಣ. ಅಂದುಕೊಂಡಷ್ಟು ಜನ ಸೇನೆಗೆ ಸೇರದೆ ಅದು ಖರ್ಚಾಗದೆ ಉಳಿದಿತ್ತು.

ಇದಕ್ಕೆ ಟ್ರಂಪ್ ಘೋಷಿಸಿದ್ದ ರಾಷ್ಟ್ರೀಯ ತುರ್ತು ಪರಿಸ್ಥಿತಿ ಬೇಕಿರಲಿಲ್ಲ. ಅದು ಬೇಕಾಗಿದ್ದು ಸೇನಾ ಕಟ್ಟಡಗಳಿಗೆಂದು ಇಟ್ಟಿದ್ದ 360 ಕೋಟಿ ಮುಟ್ಟಲು. ಇದರಿಂದ 127 ಕಾಮಗಾರಿಗಳನ್ನು ಮುಂದೂಡಬೇಕಾಯಿತು. ಸೈನಿಕರ ಮಕ್ಕಳ ಶಾಲೆಗಳೂ ಅದರಲ್ಲಿದ್ದವು.

ತುರ್ತು ಪರಿಸ್ಥಿತಿ ರದ್ದತಿಗೆ ಕಾಂಗ್ರೆಸ್ ನಿರ್ಣಯ ಪಾಸು ಮಾಡಿತು, ಟ್ರಂಪ್ ವೀಟೋ ಹಾಕಿ ಅದನ್ನು ತಡೆದರು. ಜುಲೈನಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಆ 250 ಕೋಟಿ ಬಳಸಲು ಬಿಟ್ಟಿತು. ಜಾಸ್ತಿ ಜನ ಇದನ್ನು ಗೆಲುವಿನ ತೀರ್ಪು ಅಂದುಕೊಳ್ಳುತ್ತಾರೆ. ಆದರೆ ಕೋರ್ಟ್ ಮಾಡಿದ್ದು ಇಷ್ಟೇ, ಕೆಳಗಿನ ಕೋರ್ಟ್ ಹಾಕಿದ್ದ ತಡೆಯನ್ನು ಕೇಸು ಮುಗಿಯುವವರೆಗೆ ಬದಿಗಿಟ್ಟಿತು. ಅದರ ಅಂತಿಮ ತೀರ್ಪು ಬರುವ ಮೊದಲೇ, 2021ರ ಜನವರಿಯಲ್ಲಿ, ಬೈಡನ್ ಬಂದು ಕೆಲಸ ನಿಲ್ಲಿಸಿದರು.